4 ಮಿಲಿಮೀಟರ್‌ಗಾಗಿ ಆಪರೇಷನ್ ಬೇಕೆ?

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ. ಅವ್ವನಿಗೆ 61 ವರ್ಷ. ಹನ್ನೊಂದು ದಿನದ ಹಿಂದೆ ಬಚ್ಚಲಲ್ಲಿ ಕಾಲು ಜಾರಿ, ಬಲಗೈ ಊರಿ ಬಿದ್ದಳು. ಮಣಿಕಟ್ಟಿನ ಹತ್ತಿರ ಎಲುಬು ಮುರಿದಿದೆ ಎಂದು ಡಾಕ್ಟರು ಅರಿವಳಿಕೆ ಕೊಟ್ಟು, ಎಳೆದು ಕೂಡಿಸಿ ಸಿಮೆಂಟ್ ಪಟ್ಟಿ ಹಾಕಿದರು. ಚೆನ್ನಾಗಿ ಕೂತಿದೆ ಅಂದರು. ಒಂಬತ್ತನೇ ದಿನ ಮತ್ತೆ ಎಕ್ಸ್‌ರೇ ತೆಗೆಸಿದರೆ ಅವರೇ ಈಗ ‘ಜಾರಿದೆ, ಪ್ಲೇಟ್ ಹಾಕಬೇಕು’ ಅನ್ನುತ್ತಿದ್ದಾರೆ. ಇನ್ನೊಬ್ಬರಿಗೆ ತೋರಿಸಿದರೆ ‘ಈ ವಯಸ್ಸಿಗೆ ಇಷ್ಟು ಸಾಕು, ಹಾಗೇ ಬಿಡಿ’ ಅಂದರು. ಮೊದಲ ದಿನ ಪಟ್ಟಿ ಹಾಕಿದ ಮೇಲೆ ಚೀಟಿಯಲ್ಲಿ ಬರೆದದ್ದು: ರೇಡಿಯಲ್ ಹೈಟ್ 10 ಮಿ.ಮೀ., ಇನ್‌ಕ್ಲಿನೇಷನ್ 20 ಡಿಗ್ರಿ, ಡಾರ್ಸಲ್ ಟಿಲ್ಟ್ 3 ಡಿಗ್ರಿ, ಅಲ್ನಾರ್ ವೇರಿಯನ್ಸ್ ಪ್ಲಸ್ 1. ಈಗ ಅದೇ ಕ್ರಮದಲ್ಲಿ 7, 16, 14 ಮತ್ತು ಪ್ಲಸ್ 4. ಹೈಟ್ 11 ಇರಬೇಕಂತೆ. 4 ಮಿಲಿಮೀಟರ್‌ಗಾಗಿ ಕೈ ಕೊಯ್ಯಿಸಬೇಕೇ? ನಮ್ಮ ಸೋದರಮಾವ ಪಟ್ಟಿ ಬಿಚ್ಚಿಸಿ ಎಲುಬು ಕಟ್ಟುವವರ ಹತ್ತಿರ ಹೋಗೋಣ ಅನ್ನುತ್ತಾರೆ. ಎಕ್ಸ್‌ರೇ ಫೋಟೋ ಕಳಿಸಿದ್ದೇನೆ.

ಉತ್ತರ: 4 ಮಿಲಿಮೀಟರ್ ಅಂದರೆ ಹೆಚ್ಚುಕಡಿಮೆ ಒಂದು ಜೋಳದ ಕಾಳಿನ ಅಗಲ. ಅಷ್ಟಕ್ಕೆ ಕೈ ಕೊಯ್ಯಿಸಬೇಕೇ ಎಂದು ನೀವು ಕೇಳುವುದರಲ್ಲಿ ತಪ್ಪೇನಿಲ್ಲ. ಎಲುಬಿನ ಡಾಕ್ಟರುಗಳ ನಡುವೆಯೂ ಈ ವಾದ ಬಹಳ ವರ್ಷದಿಂದ ನಡೆದೇ ಇದೆ. ನಿಮ್ಮನ್ನು ಕಾಯಿಸದೆ ಮೊದಲೇ ಹೇಳಿಬಿಡುತ್ತೇನೆ: ಚೀಟಿಯಲ್ಲಿರುವ ಅಂಕಿಗಳು ಸರಿಯಾಗಿದ್ದರೆ ನಾನು ನಿಮ್ಮ ಮೊದಲ ಡಾಕ್ಟರ ಮಾತಿನ ಕಡೆಗೇ ವಾಲುತ್ತೇನೆ. ಆದರೆ ಒಪ್ಪಿಗೆಗೆ ಸಹಿ ಹಾಕುವ ಮೊದಲು ಇನ್ನೊಂದು ಸಲ, ಸರಿಯಾದ ಕ್ರಮದಲ್ಲಿ ಎಕ್ಸ್‌ರೇ ಆಗಬೇಕು. ಎರಡನೇ ಡಾಕ್ಟರು ಹೇಳಿದ್ದೂ ಅಡ್ಡಮಾತಲ್ಲ. ಇದೇ ಅಂಕಿಗಳು ಮನೆಯಲ್ಲಿ ಕೂತು ಮೊಮ್ಮಕ್ಕಳನ್ನು ನೋಡಿಕೊಳ್ಳುವ 75ರ ಅಜ್ಜಿಯವಾಗಿದ್ದರೆ ನಾನೂ ‘ಹಾಗೇ ಬಿಡಿ’ ಅನ್ನುತ್ತಿದ್ದೆ.

ಈ ಅಂಕಿಗಳು ಏನನ್ನು ಅಳೆಯುತ್ತವೆ ಎಂಬುದನ್ನು ನಿಮ್ಮ ಕೈಯಲ್ಲೇ ಮುಟ್ಟಿ ನೋಡಬಹುದು. ಎಡಗೈಯನ್ನು ಅಂಗೈ ಕೆಳಗಾಗುವಂತೆ ಮೇಜಿನ ಮೇಲಿಡಿ. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಎಡ ಮಣಿಕಟ್ಟಿನ ಎರಡೂ ಪಕ್ಕ ಒತ್ತಿ ಹಿಡಿದು ಬೆರಳುಗಳ ಕಡೆಗೆ ಮೆಲ್ಲಗೆ ಸರಿಯುತ್ತ ಬನ್ನಿ. ಎರಡೂ ಕಡೆ ಒಂದೊಂದು ಎಲುಬಿನ ಮೂಲೆ ತಗಲುತ್ತದೆ. ಹೆಬ್ಬೆರಳಿನ ಕಡೆಯದು ಮುಂದಿದೆ, ಕಿರುಬೆರಳಿನ ಕಡೆಯದು ಹಿಂದಿದೆ, ನಡುವೆ ಸುಮಾರು ಒಂದು ಸೆಂಟಿಮೀಟರ್ ಅಂತರವಿದೆ. ಹೆಬ್ಬೆರಳಿನ ಕಡೆಯ ಎಲುಬು ರೇಡಿಯಸ್, ಇನ್ನೊಂದು ಅಲ್ನಾ. ಕೈ ಊರಿ ಬಿದ್ದಾಗ ಸಾಮಾನ್ಯವಾಗಿ ಮುರಿಯುವುದು ರೇಡಿಯಸ್‌ನ ಈ ತುದಿಯೇ. ಮುರಿದ ತುದಿ ತನ್ನೊಳಗೆ ತಾನೇ ಹುದುಗಿಕೊಂಡರೆ ಮುಂದಿದ್ದ ಮೂಲೆ ಹಿಂದಕ್ಕೆ ಬರುತ್ತದೆ, ಆ ಒಂದು ಸೆಂಟಿಮೀಟರ್ ಕರಗುತ್ತ ಹೋಗುತ್ತದೆ.

ಡಬ್ಲಿನ್ ನಗರದ ಅಬ್ರಹಾಂ ಕೋಲೀಸ್ ಈ ಮುರಿತವನ್ನು ವಿವರಿಸಿ ಬರೆದದ್ದು 1814ರಲ್ಲಿ. ಎಕ್ಸ್‌ರೇ ಬಂದದ್ದು 1895ರಲ್ಲಿ. ಅವರ ಹತ್ತಿರ ಇದ್ದದ್ದು ಬೆರಳುಗಳಷ್ಟೇ. ಕೈ ಸೊಟ್ಟಗೇ ಉಳಿದರೂ ಕಾಲ ಸರಿದಂತೆ ನೋವು ಹೋಗಿ ಕೆಲಸಕ್ಕೆ ಬರುತ್ತದೆ ಎಂದು ಅವರು ಬರೆದರು. ವಯಸ್ಸಾದ ಎಷ್ಟೋ ಜನರಲ್ಲಿ ಅದು ಇಂದಿಗೂ ನಿಜ. ನಿಮ್ಮ ಎರಡನೇ ಡಾಕ್ಟರ ಮಾತಿನ ಬೇರು ಅಲ್ಲಿದೆ.

ಈಗ ಎಕ್ಸ್‌ರೇಗೆ ಬರೋಣ. ಕೈಯನ್ನು ಎದುರಿನಿಂದ ತೆಗೆದ ಚಿತ್ರದಲ್ಲಿ ರೇಡಿಯಸ್‌ನ ಉದ್ದಕ್ಕೂ ನಟ್ಟನಡುವೆ ಒಂದು ಗೆರೆ ಎಳೆಯುತ್ತೇವೆ. ಅದಕ್ಕೆ ಲಂಬವಾಗಿ ಎರಡು ಅಡ್ಡಗೆರೆ: ಒಂದು ಹೆಬ್ಬೆರಳಿನ ಕಡೆಯ ತುತ್ತತುದಿಗೆ, ಇನ್ನೊಂದು ಅದೇ ಎಲುಬಿನ ಕೀಲು ಅಲ್ನಾ ಕಡೆಗೆ ಮುಗಿಯುವ ಮೂಲೆಗೆ. ಎರಡು ಅಡ್ಡಗೆರೆಗಳ ನಡುವಿನ ಅಂತರವೇ ರೇಡಿಯಲ್ ಹೈಟ್, ಸಾಮಾನ್ಯವಾಗಿ 11ರಿಂದ 12 ಮಿ.ಮೀ. ಆ ಎರಡು ತುದಿಗಳನ್ನು ಜೋಡಿಸಿದ ಓರೆಗೆರೆ ಅಡ್ಡಗೆರೆಯ ಜೊತೆ ಮಾಡುವ ಕೋನ ಇನ್‌ಕ್ಲಿನೇಷನ್, 22 ಡಿಗ್ರಿಯ ಆಸುಪಾಸು. ರೇಡಿಯಸ್‌ನ ಮೂಲೆಗಿಂತ ಅಲ್ನಾದ ತಲೆ ಎಷ್ಟು ಮುಂದಿದೆ ಅಥವಾ ಹಿಂದಿದೆ ಎಂಬುದು ಅಲ್ನಾರ್ ವೇರಿಯನ್ಸ್. ಮುಂದಿದ್ದರೆ ಪ್ಲಸ್, ಹಿಂದಿದ್ದರೆ ಮೈನಸ್. ಹೆಚ್ಚಿನವರಲ್ಲಿ ಅದು ಸೊನ್ನೆಯಿಂದ ಆಚೆಗೋ ಈಚೆಗೋ 2 ಮಿ.ಮೀ. ಒಳಗೇ ಇರುತ್ತದೆ.

ನಾಲ್ಕನೆಯದನ್ನು ಪಕ್ಕದಿಂದ ತೆಗೆದ ಚಿತ್ರದಲ್ಲಿ ನೋಡಬೇಕು. ಅಲ್ಲಿ ರೇಡಿಯಸ್‌ನ ಕೀಲು ಅಂಗೈ ಕಡೆಗೆ ಸುಮಾರು 11 ಡಿಗ್ರಿ ಬಾಗಿರುತ್ತದೆ. ಇದು ವೋಲಾರ್ ಟಿಲ್ಟ್. ಬಿದ್ದ ಹೊಡೆತಕ್ಕೆ ಅದು ಕೈಬೆನ್ನಿನ ಕಡೆಗೆ ತಿರುಗಿದರೆ ಡಾರ್ಸಲ್ ಟಿಲ್ಟ್ ಅನ್ನುತ್ತೇವೆ. ನಿಮ್ಮ ಅವ್ವನ ಚೀಟಿಯಲ್ಲಿ 14 ಎಂದಷ್ಟೇ ಇದೆ, ಓದಿದವರು ಸಹಜಕ್ಕಿಂತ 14 ಡಿಗ್ರಿ ಹೆಚ್ಚುಕಡಿಮೆ ಅಂದುಕೊಳ್ಳುತ್ತಾರೆ. ಎಣಿಸಬೇಕಾದದ್ದು ಹಾಗಲ್ಲ. ಅಂಗೈ ಕಡೆಗೆ 11 ಇರಬೇಕಾದದ್ದು ಕೈಬೆನ್ನಿನ ಕಡೆಗೆ 14 ಆಗಿದೆ, ಅಂದರೆ ತನ್ನ ಜಾಗದಿಂದ ಒಟ್ಟು 25 ಡಿಗ್ರಿ ಹೊರಳಿದೆ.

ಈ ನಾಲ್ಕರಲ್ಲಿ ನಾನು ಹೆಚ್ಚು ಹೊತ್ತು ನೋಡುವುದು ಅಲ್ನಾರ್ ವೇರಿಯನ್ಸನ್ನು. ಕೈ ಊರಿದಾಗ ಭಾರದ ನೂರು ಪಾಲಿನಲ್ಲಿ ಸುಮಾರು 80 ಪಾಲು ರೇಡಿಯಸ್ ಮೂಲಕ ಹೋಗುತ್ತದೆ, 20 ಪಾಲು ಅಲ್ನಾ ಮೂಲಕ. ಅಲ್ನಾ ಬರೀ 2.5 ಮಿ.ಮೀ. ಮುಂದೆ ಬಂದರೆ ಅದರ ಪಾಲು 42ಕ್ಕೆ ಏರುತ್ತದೆ ಎಂಬುದನ್ನು ಪಾಮರ್ ಮತ್ತು ವರ್ನರ್ 1984ರಲ್ಲಿ, ಮೃತರ ತೋಳುಗಳ ಮೇಲೆ ಪ್ರಯೋಗಾಲಯದಲ್ಲಿ ಅಳೆದು ತೋರಿಸಿದರು. ಅಲ್ನಾದ ತಲೆಯ ಮೇಲೆ ಮೆತ್ತೆಯಂತೆ ಒಂದು ತೆಳುವಾದ ಮೃದ್ವಸ್ಥಿ ಇದೆ. ಭಾರ ಇಮ್ಮಡಿಯಾದರೆ ಮೊದಲು ಸವೆಯುವುದು ಅದು. ಡಾರ್ಸಲ್ ಟಿಲ್ಟ್ ಹೆಚ್ಚಾದರೂ ಭಾರ ಹೀಗೆಯೇ ಅಲ್ನಾ ಕಡೆಗೆ ಸರಿಯುತ್ತದೆ. ನಿಮ್ಮ ಅವ್ವನಲ್ಲಿ ಎರಡೂ ಒಟ್ಟಿಗೆ ಇವೆ.

ಇದನ್ನು ಅಡುಗೆಮನೆಯಲ್ಲಿ ಇಟ್ಟು ನೋಡಿ. ಜೋಳದ ಹಿಟ್ಟಿಗೆ ಕುದಿನೀರು ಹಾಕಿ ನಾದುವಾಗ ಕೆಲಸ ಮಾಡುವುದು ಬೆರಳುಗಳಲ್ಲ, ಅಂಗೈಯ ಬುಡ. ಮಣಿಕಟ್ಟು ಪೂರ್ತಿ ಹಿಂದಕ್ಕೆ ಬಾಗಿ, ಮೈಭಾರವೆಲ್ಲ ಅದರ ಮೇಲೆ ಬೀಳುತ್ತದೆ. ಆಮೇಲೆ ಬಡಿಯುವಾಗ ಪ್ರತಿ ಏಟೂ ಅದೇ ಕೀಲಿಗೆ. ಒಂದು ಮನೆಯ ರೊಟ್ಟಿ ಅಂದರೆ ದಿನಕ್ಕೆ ನೂರಾರು ಏಟು. ಎಕ್ಸ್‌ರೇ ಅಳತೆಗಳನ್ನು ಬರೆದ ದೇಶಗಳಲ್ಲಿ 61ರ ಹೆಂಗಸು ದಿನಾ ಈ ಕೆಲಸ ಮಾಡುವುದಿಲ್ಲ. ಅಲ್ನಾ ಮುಂದೆ ಚಾಚಿಕೊಂಡ ಕೈಗೆ ಕಿರುಬೆರಳಿನ ಕಡೆ ಚುಚ್ಚುನೋವು ಬರುವುದು ಇಂಥ ಕೆಲಸದಲ್ಲೇ: ಹಿಟ್ಟು ನಾದುವಾಗ, ಒದ್ದೆ ಸೀರೆ ಹಿಂಡುವಾಗ, ಕೊಡ ಎತ್ತುವಾಗ, ಪ್ರಸಾದಕ್ಕೆ ಅಂಗೈ ಮೇಲೆ ಮಾಡಿ ಚಾಚುವಾಗ. ಆದ್ದರಿಂದ ನನ್ನ ಹತ್ತಿರ ಬಂದವರನ್ನು ವಯಸ್ಸು ಕೇಳಿದ ಮೇಲೆ, ಮನೆಯಲ್ಲಿ ರೊಟ್ಟಿ ಯಾರು ಬಡಿಯುತ್ತಾರೆ ಎಂದು ಕೇಳುತ್ತೇನೆ. ನೀವು ಬರೆದಿಲ್ಲ, ಆದರೆ ಉತ್ತರ ‘ಅವ್ವನೇ’ ಎಂದಾದರೆ ಅದನ್ನು ನಿಮ್ಮ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಅವರ ತೀರ್ಮಾನಕ್ಕೆ ಅದು ಬೇಕು.

ಡಾಕ್ಟರುಗಳು ಎಲ್ಲಿ ಗೆರೆ ಎಳೆಯುತ್ತಾರೆ? ಅಮೆರಿಕದ ಎಲುಬಿನ ಶಸ್ತ್ರಚಿಕಿತ್ಸಕರ ಅಕಾಡೆಮಿಯ ಮಾರ್ಗಸೂಚಿಯನ್ನು ನಮ್ಮ ಕಡೆಯವರೂ ನೋಡುತ್ತಾರೆ. ಎಳೆದು ಕೂಡಿಸಿದ ಮೇಲೂ ರೇಡಿಯಸ್ 3 ಮಿ.ಮೀ.ಗಿಂತ ಹೆಚ್ಚು ಗಿಡ್ಡವಾಗಿದ್ದರೆ, ಡಾರ್ಸಲ್ ಟಿಲ್ಟ್ 10 ಡಿಗ್ರಿ ದಾಟಿದ್ದರೆ, ಅಥವಾ ಕೀಲಿನ ಮೇಲ್ಮೈಯಲ್ಲಿ 2 ಮಿ.ಮೀ.ಗಿಂತ ಹೆಚ್ಚಿನ ಮೆಟ್ಟಿಲು ಉಳಿದಿದ್ದರೆ ಆಪರೇಷನ್‌ನಿಂದ ಉಪಯೋಗವಿದೆ ಎಂಬುದು ಅದರ ಮಾತು. ಆದರೆ 65 ದಾಟಿದವರಲ್ಲಿ ಆಪರೇಷನ್ ಮಾಡಿದರೂ ಬಿಟ್ಟರೂ ಕೊನೆಗೆ ರೋಗಿ ಹೇಳುವ ಸುಖದುಃಖದಲ್ಲಿ ವ್ಯತ್ಯಾಸ ಕಾಣುವುದಿಲ್ಲ ಎಂದೂ ಅದು ಅಷ್ಟೇ ಗಟ್ಟಿಯಾಗಿ ಹೇಳುತ್ತದೆ. ನಿಮ್ಮ ಅವ್ವನ ಟಿಲ್ಟ್ ಗೆರೆ ದಾಟಿದೆ, ಉದ್ದವೂ ದಾಟಿರಬಹುದು, ವಯಸ್ಸು ದಾಟಿಲ್ಲ. ಇಬ್ಬರು ಡಾಕ್ಟರು ಎರಡು ಮಾತು ಹೇಳಿದ್ದು ಅದಕ್ಕೇ. ಮೆಟ್ಟಿಲಿನ ಬಗ್ಗೆ ಚೀಟಿಯಲ್ಲಿ ಏನೂ ಇಲ್ಲ. ಬಿರುಕು ಕೀಲಿನೊಳಗೆ ಹೋಗಿದೆಯೇ ಎಂದು ಕೇಳಿ. ಹೋಗಿದ್ದರೆ ಎಕ್ಸ್‌ರೇಗಿಂತ ಸಿ.ಟಿ. ಸ್ಕ್ಯಾನ್ ಅದನ್ನು ಖಚಿತವಾಗಿ ತೋರಿಸುತ್ತದೆ.

ಒಂದು ದಿನದ ಅಂಕಿಗಿಂತ ಅಂಕಿ ಯಾವ ಕಡೆಗೆ ನಡೆಯುತ್ತಿದೆ ಎಂಬುದು ಮುಖ್ಯ. ಈ ಪತ್ರದಲ್ಲಿ ನೀವು ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಸಿಮೆಂಟ್ ಪಟ್ಟಿ ಎಲುಬನ್ನು ಸುತ್ತಲಿನಿಂದ ಹಿಡಿಯುತ್ತದೆ, ಒಳಗಿನಿಂದ ಆಧಾರ ಕೊಡುವುದಿಲ್ಲ. ವಾರ ಕಳೆದರೆ ಬಾವು ಇಳಿದು ಪಟ್ಟಿ ಸಡಿಲವಾಗುತ್ತದೆ. ಕೈಬೆನ್ನಿನ ಕಡೆಯ ಎಲುಬು ಪುಡಿಯಾಗಿದ್ದರೆ ಅಲ್ಲೊಂದು ಪೊಳ್ಳು ಉಳಿದಿರುತ್ತದೆ, ತುದಿ ಮೆಲ್ಲಗೆ ಅದರೊಳಗೆ ಕುಸಿಯುತ್ತದೆ. ಯಾರದು ಕುಸಿಯಬಹುದು ಎಂದು ಮೊದಲೇ ಊಹಿಸಲು 1989ರಲ್ಲಿ ಲಾಫಾಂಟೇನ್ ಮತ್ತು ಸಂಗಡಿಗರು ಐದು ಗುರುತು ಕೊಟ್ಟರು: ಬಿದ್ದಾಗಲೇ 20 ಡಿಗ್ರಿಗಿಂತ ಹೆಚ್ಚು ಹಿಂದಕ್ಕೆ ಬಾಗಿರುವುದು, ಕೈಬೆನ್ನಿನ ಕಡೆ ಪುಡಿಯಾಗಿರುವುದು, ಮುರಿತ ಕೀಲಿನೊಳಗೆ ಹೊಕ್ಕಿರುವುದು, ಅಲ್ನಾವೂ ಮುರಿದಿರುವುದು, 60 ದಾಟಿದ ವಯಸ್ಸು. ಮೂರು ಸೇರಿದರೆ ಎಚ್ಚರ. ಪಟ್ಟಿ ಹಾಕುವ ಮೊದಲು ತೆಗೆದ ನಿಮ್ಮ ಫಿಲಂನಲ್ಲಿ ಬಾಗು, ಪುಡಿ ಎರಡೂ ಎದ್ದು ಕಾಣುತ್ತವೆ, ವಯಸ್ಸು 61. ಹಾಗಾಗಿ ನಿಮ್ಮ ಮೊದಲ ಡಾಕ್ಟರು ಮೊದಲ ದಿನ ಸುಳ್ಳು ಹೇಳಿದರು ಎಂದು ತಿಳಿಯಬೇಡಿ. ಅಂದು ಚೆನ್ನಾಗಿಯೇ ಕೂತಿತ್ತು. ಒಂಬತ್ತನೇ ದಿನ ಮತ್ತೆ ಕರೆದು ನೋಡಿದ್ದು ಅವರ ಒಳ್ಳೆಯ ಕೆಲಸ. ನಮ್ಮ ಭಾಗದಲ್ಲಿ ನೋವಿಲ್ಲ ಎಂದು ಎಷ್ಟೋ ಜನ ಆರು ವಾರ ಬರುವುದೇ ಇಲ್ಲ. ನಾಟಿಯೋ ಕಟಾವೋ ಇದ್ದರಂತೂ ಕೇಳುವುದೇ ಬೇಡ. ಎಲುಬು ಜಾರುವಾಗ ನೋವೇ ಆಗಬೇಕೆಂದಿಲ್ಲ.

ಇನ್ನು ಚಿತ್ರದ ಬಗ್ಗೆ. ನೀವು ಫಿಲಂ ಅನ್ನು ಟ್ಯೂಬ್‌ಲೈಟಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದಿದ್ದೀರಿ. ಫಿಲಂ ವಾಲಿದೆ, ಕೆಳಗಿನ ಅಂಚು ಅಗಲವಾಗಿದೆ. ಅದರ ಮೇಲೆ ನಾನು ಸ್ಕೇಲ್ ಇಟ್ಟು ಅಳೆಯಲಾರೆ. ಫಿಲಂ ಕೈಯಲ್ಲೇ ಇದ್ದರೂ ಎಚ್ಚರ ಬೇಕು. ಒಂದೇ ಹಾಳೆಯಲ್ಲಿ ಎರಡು ಮೂರು ಚಿತ್ರ ಕೂಡಿಸಲು ಯಂತ್ರ ಅವನ್ನು ಕಿರಿದು ಮಾಡಿ ಮುದ್ರಿಸುತ್ತದೆ. ಕಿರಿದಾದರೂ ಕೋನ ಬದಲಾಗುವುದಿಲ್ಲ, ಮಿಲಿಮೀಟರ್ ಬದಲಾಗುತ್ತದೆ. ಫಿಲಂ ಮೇಲೆ 7 ಬಂದದ್ದು ಕೈಯಲ್ಲಿ 10 ಇರಬಹುದು. ‘ಇದನ್ನು ಕಂಪ್ಯೂಟರಿನಲ್ಲಿ ಅಳೆದಿರೋ, ಫಿಲಂ ಮೇಲೋ’ ಎಂದು ಕೇಳಿದರೆ ಯಾವ ಡಾಕ್ಟರೂ ಬೇಸರ ಮಾಡಿಕೊಳ್ಳುವುದಿಲ್ಲ.

ಇನ್ನೊಂದನ್ನು ಆ ವಾಲಿದ ಫೋಟೋದಲ್ಲೂ ಕಂಡೆ. ಅಲ್ನಾದ ತಲೆಯಲ್ಲಿ ಒಂದು ಚೂಪು ತುದಿ ಇದೆ. ಕೈ ಸರಿಯಾಗಿ ಇಟ್ಟು ತೆಗೆದ ಚಿತ್ರದಲ್ಲಿ ಅದು ಹೊರ ಅಂಚಿನಲ್ಲಿ ಕಾಣುತ್ತದೆ. ನಿಮ್ಮ ಒಂಬತ್ತನೇ ದಿನದ ಚಿತ್ರ ಹಾಗೇ ಇದೆ. ಪಟ್ಟಿ ಹಾಕಿದ ದಿನದ್ದರಲ್ಲಿ ಆ ಚೂಪು ತಲೆಯ ನಡುವಿಗೆ ಬಂದಿದೆ. ಬಹುಶಃ ಅರಿವಳಿಕೆಯ ಮಂಪರಿನಲ್ಲಿ ಮಲಗಿದ್ದಾಗಲೇ, ಅಂಗೈ ಮೇಲಾಗಿ ತೆಗೆದಿದ್ದಾರೆ. ಅಂಗೈ ಮೇಲಾದರೆ ಅಲ್ನಾ ಹಿಂದೆ ಸರಿದಂತೆ ಕಾಣುತ್ತದೆ, ಅಂಗೈ ಕೆಳಗೆ ತಿರುಗಿದಷ್ಟೂ ಮುಂದೆ ಬಂದಂತೆ. ಆದ್ದರಿಂದ ಮೊದಲ ದಿನದ ಪ್ಲಸ್ 1 ನಿಜದಲ್ಲಿ ಪ್ಲಸ್ 2 ಇದ್ದಿರಬಹುದು. ಜಾರಿದ್ದು ಚೀಟಿ ಹೇಳುವುದಕ್ಕಿಂತ ಸ್ವಲ್ಪ ಕಡಿಮೆ ಇರಬಹುದು. ಆದರೆ 3ರಿಂದ 14ಕ್ಕೆ ಹೋದ ಟಿಲ್ಟ್ ಕೈ ಇಟ್ಟ ರೀತಿಯಿಂದ ಮಾತ್ರ ಬರುವಂಥದ್ದಲ್ಲ. ಇಬ್ಬರು ಅಳೆದರೆ ಎರಡು ಮೂರು ಡಿಗ್ರಿ ಹೆಚ್ಚುಕಡಿಮೆ ಬರುವುದುಂಟು, ಹನ್ನೊಂದು ಬರುವುದಿಲ್ಲ. ಜಾರಿದ್ದಂತೂ ನಿಜ.

ಈ ಚೂಪು ತುದಿಯ ಮೇಲೆ ನಾನು ಇಷ್ಟು ಬರೆಯಲು ಕಾರಣವಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹತ್ತಿ ಬಿಡಿಸುವ ಕೂಲಿಯ ಒಬ್ಬ ಹೆಣ್ಣುಮಗಳು ಇಂಥದೇ ಮುರಿತದಿಂದ ಬಂದಿದ್ದಳು, ಐವತ್ತರ ಆಸುಪಾಸು. ಹತ್ತನೇ ದಿನದ ಎಕ್ಸ್‌ರೇಯಲ್ಲಿ ಪ್ಲಸ್ 1 ಕಂಡು ನನಗೆ ಸಮಾಧಾನವಾಯಿತು, ಮನೆಗೆ ಕಳಿಸಿದೆ. ಆರು ವಾರಕ್ಕೆ ಪಟ್ಟಿ ಬಿಚ್ಚಿದಾಗ ಕಿರುಬೆರಳಿನ ಕಡೆ ಎಲುಬು ಗೋಲಿಯಂತೆ ಎದ್ದು ನಿಂತಿತ್ತು. ಹಳೆಯ ಫಿಲಂ ತೆಗೆದು ನೋಡಿದರೆ ಹತ್ತನೇ ದಿನ ಕೈಯನ್ನು ಅಂಗಾತ ಇಟ್ಟು ತೆಗೆದಿದ್ದರು. ಜಾರಿದ್ದು ಅದರಲ್ಲಿ ಅಡಗಿಹೋಗಿತ್ತು. ನಾನು ಅಂಕಿ ನೋಡಿದ್ದೆ, ಕೈ ಇಟ್ಟ ರೀತಿ ನೋಡಿರಲಿಲ್ಲ. ‘ರೊಟ್ಟಿ ಬಡ್ಯಾಕ ಆಗವಲ್ದ್ರಿ ಸಾಹೇಬ್ರ’ ಎಂದು ಅವಳು ಆರು ತಿಂಗಳ ಮೇಲೆ ಬಂದು ಕೈ ಮುಂದೆ ಚಾಚಿದ್ದು ಇನ್ನೂ ಕಣ್ಣ ಮುಂದಿದೆ. ಎಲುಬನ್ನು ಮತ್ತೆ ಕತ್ತರಿಸಿ ಸರಿಮಾಡುವ ಆಪರೇಷನ್ ಅವಳಿಗೆ ಬೇಕಾಯಿತು. ಎರಡನೇ ವಾರದಲ್ಲಿ ಆಗಬೇಕಿದ್ದ ಕೆಲಸಕ್ಕಿಂತ ಅದು ಬಹಳ ದೊಡ್ಡದು.

ಆದ್ದರಿಂದ ನಿಮ್ಮ ಅವ್ವನ ಮುಂದಿನ ಎಕ್ಸ್‌ರೇ ಹೀಗೆ ಆಗಲಿ. ಅವರನ್ನು ಮೇಜಿನ ಪಕ್ಕ ಕೂರಿಸಿ, ತೋಳನ್ನು ಭುಜದ ಮಟ್ಟಕ್ಕೆ ಎತ್ತಿ, ಮೊಣಕೈ 90 ಡಿಗ್ರಿ ಮಡಚಿ, ಅಂಗೈ ಕೆಳಗಿಟ್ಟು ಒಂದು. ಪಕ್ಕದಿಂದ ಒಂದು. ಆಮೇಲೆ, ಮರೆಯಬೇಡಿ, ಮುರಿಯದ ಎಡಗೈಯನ್ನೂ ಇದೇ ರೀತಿ ಇಟ್ಟು ತೆಗೆಸಿ. 11, 22, 11 ಎಂಬುವೆಲ್ಲ ಬಹಳ ಜನರ ಸರಾಸರಿ. ಹುಟ್ಟಿನಿಂದಲೇ ಪ್ಲಸ್ 2 ಇರುವವರಿದ್ದಾರೆ, ಮೈನಸ್ 2 ಇರುವವರೂ ಇದ್ದಾರೆ. ಎಡಗೈ ಪ್ಲಸ್ 2 ಇದ್ದರೆ ಬಲಗೈ ಗಿಡ್ಡವಾಗಿರುವುದು 2 ಮಿ.ಮೀ. ಮಾತ್ರ. ಎಡಗೈ ಮೈನಸ್ 1 ಇದ್ದರೆ 5 ಮಿ.ಮೀ. ನಿಮ್ಮ ಅವ್ವನ ಬಲಗೈಗೆ ಅವರ ಎಡಗೈಗಿಂತ ಒಳ್ಳೆಯ ಅಳತೆಗೋಲು ಇಲ್ಲ. ಇಷ್ಟು ಎಕ್ಸ್‌ರೇ ಮೈಗೆ ಕೆಟ್ಟದ್ದಲ್ಲವೇ ಎಂಬ ಹೆದರಿಕೆ ಬೇಡ. ಮಣಿಕಟ್ಟಿನ ಒಂದು ಎಕ್ಸ್‌ರೇಯ ವಿಕಿರಣ, ಮಣ್ಣು ಗಾಳಿಯಿಂದ ನಮಗೆ ಒಂದು ದಿನದಲ್ಲಿ ತಗಲುವುದಕ್ಕಿಂತ ಕಡಿಮೆ.

ಎಡಗೈಗೆ ಹೋಲಿಸಿದಾಗಲೂ 3 ಮಿ.ಮೀ.ಗಿಂತ ಹೆಚ್ಚು ಗಿಡ್ಡವಾಗಿದ್ದು, ಟಿಲ್ಟ್ 14ರಲ್ಲೇ ಇದ್ದರೆ ಅಥವಾ ಇನ್ನೂ ಏರಿದ್ದರೆ, ಈ ವಾರವೇ ಆಪರೇಷನ್ ಮಾಡಿಸಿ. ತಡ ಮಾಡಿದಷ್ಟೂ ಹೊಸ ಎಲುಬು ಕಟ್ಟಿಕೊಳ್ಳುತ್ತದೆ, ಮೂರು ವಾರ ದಾಟಿದರೆ ಅದನ್ನು ಬಿಡಿಸಿಕೊಂಡು ಕೂಡಿಸಬೇಕಾಗುತ್ತದೆ. ಈಗ ಸಾಮಾನ್ಯವಾಗಿ ಅಂಗೈ ಕಡೆಯಿಂದ ಕೊಯ್ದು ಪ್ಲೇಟ್ ಮತ್ತು ಸ್ಕ್ರೂ ಹಾಕುತ್ತಾರೆ. ಚರ್ಮದ ಮೂಲಕ ತಂತಿ ಹಾಕುವ ದಾರಿಯೂ ಇದೆ. ಬ್ರಿಟನ್ನಿನಲ್ಲಿ 2014ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಕೊಯ್ಯದೆ ಎಳೆದು ಕೂಡಿಸಲು ಬರುವ ಮುರಿತಗಳಲ್ಲಿ ತಂತಿಗೂ ಪ್ಲೇಟಿಗೂ ವರ್ಷದ ಕೊನೆಗೆ ವ್ಯತ್ಯಾಸ ಕಾಣಲಿಲ್ಲ. ಆದರೆ ಹನ್ನೊಂದು ದಿನ ಕಳೆದು, ಎಲುಬೂ ಪುಡಿಯಾಗಿರುವಾಗ ತಂತಿ ಸಾಲುತ್ತದೆಯೇ ಎಂಬುದನ್ನು ಕೈ ಮುಟ್ಟಿ ನೋಡಿದ ಡಾಕ್ಟರೇ ಹೇಳಬೇಕು. ಪ್ಲೇಟಿನಲ್ಲೂ ತೊಂದರೆಗಳುಂಟು: ಸೋಂಕು, ನರಕ್ಕೆ ಪೆಟ್ಟು, ಪ್ಲೇಟಿಗೆ ಉಜ್ಜಿ ಸ್ನಾಯುರಜ್ಜು ಸವೆಯುವುದು. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ. ಖರ್ಚಿನ ಚಿಂತೆ ಇದ್ದರೆ ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ನ ಎಲುಬಿನ ವಿಭಾಗಕ್ಕೆ ಬನ್ನಿ. ರೇಷನ್ ಕಾರ್ಡ್, ಆಧಾರ್ ತಂದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬರುತ್ತದೆಯೇ ಎಂದು ವಿಚಾರಿಸಿ.

ಎಡಗೈಗೂ ಬಲಗೈಗೂ ವ್ಯತ್ಯಾಸ 2 ಮಿ.ಮೀ. ಒಳಗೇ ಇದ್ದು, ಟಿಲ್ಟ್ ಹತ್ತರ ಹತ್ತಿರ ನಿಂತಿದ್ದರೆ ಪಟ್ಟಿಯಲ್ಲೇ ಮುಂದುವರಿಯಬಹುದು. ಸಡಿಲವಾದ ಪಟ್ಟಿ ಬದಲಿಸಿ, ಇನ್ನೊಂದು ವಾರಕ್ಕೆ ಮತ್ತೆ ಎಕ್ಸ್‌ರೇ.

ನಿಮ್ಮ ಮಾವನವರ ಕಾಳಜಿ ನನಗೆ ಅರ್ಥವಾಗುತ್ತದೆ. ಎಲುಬು ಕಟ್ಟುವವರ ಕೈಗುಣದ ಮೇಲೆ ನಮ್ಮ ಕಡೆ ತಲೆಮಾರುಗಳ ನಂಬಿಕೆ ಇದೆ. ಆದರೆ ಈ ಮುರಿತ ಹೊರಗಿನಿಂದ ಕಟ್ಟಿದ್ದಕ್ಕೆ ನಿಲ್ಲಲಿಲ್ಲ ಎಂಬುದೇ ಈಗಿನ ತೊಂದರೆ. ಬಿದಿರ ದಬ್ಬೆಯೂ ಹೊರಗಿನಿಂದಲೇ ಹಿಡಿಯುವಂಥದ್ದು, ಒಳಗಿನ ಪೊಳ್ಳು ತುಂಬುವುದಿಲ್ಲ. ಬಿಗಿಯಾಗಿ ಕಟ್ಟಿದರೆ ರಕ್ತ ಓಡಾಡದೆ ಕೈಯೇ ಹೋದದ್ದನ್ನು ನಾನು ನೋಡಿದ್ದೇನೆ. ದಯವಿಟ್ಟು ಪಟ್ಟಿ ಬಿಚ್ಚಿಸಬೇಡಿ.

ಅಲ್ಲಿಯವರೆಗೆ ಅವ್ವ ಬೆರಳುಗಳನ್ನು ಗಂಟೆಗೊಮ್ಮೆ ಪೂರ್ತಿ ಮಡಚಿ ಬಿಡಿಸಲಿ, ಭುಜ ಮೇಲೆತ್ತಲಿ, ಕುಳಿತಾಗ ಕೈ ಎದೆಮಟ್ಟಕ್ಕಿಂತ ಕೆಳಗೆ ಜೋತುಬೀಳದಿರಲಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ, ಬೆರಳು ನೀಲಿಯಾದರೆ, ನೋವು ಇಳಿಯುವ ಬದಲು ಏರುತ್ತ ಹೋದರೆ ಬೆಳಗಾಗಲಿ ಎಂದು ಕಾಯದೆ ಅದೇ ರಾತ್ರಿ ಆಸ್ಪತ್ರೆಗೆ ಹೋಗಿ. ಮುಂದೆ ಎಂದಾದರೂ ಹೆಬ್ಬೆರಳು ಇದ್ದಕ್ಕಿದ್ದಂತೆ ಮೇಲೆತ್ತಲು ಬಾರದೆ ಹೋದರೂ ತೋರಿಸಿ. ಮುರಿದ ಜಾಗಕ್ಕೆ ಉಜ್ಜಿ ಅದರ ಸ್ನಾಯುರಜ್ಜು ಹರಿಯುವುದುಂಟು.

ಆಪರೇಷನ್ ಆಗಲಿ ಬಿಡಲಿ, ಒಂದು ಪರೀಕ್ಷೆ ಬಾಕಿ ಇದೆ. ನಿಂತ ಎತ್ತರದಿಂದ ಬಿದ್ದದ್ದಕ್ಕೇ ಎಲುಬು ಪುಡಿಯಾಯಿತು ಅಂದರೆ ಎಲುಬು ಸೊರಗಿದೆ ಎಂದೇ ಅನುಮಾನಿಸಬೇಕು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಇದು ಸಾಮಾನ್ಯ. ಮಣಿಕಟ್ಟು ಮುರಿದವರಿಗೆ ಮುಂದೆ ಸೊಂಟದ ಕೀಲಿನ ಎಲುಬು ಮುರಿಯುವ ಸಂಭವ ಹೆಚ್ಚು. ಎಲುಬು ಎಷ್ಟು ಗಟ್ಟಿಯಿದೆ ಎಂದು ಅಳೆಯುವ ಡೆಕ್ಸಾ ಸ್ಕ್ಯಾನ್ ಮತ್ತು ವಿಟಮಿನ್ ಡಿ ಬಗ್ಗೆ ಡಾಕ್ಟರನ್ನು ಕೇಳಿ. ಬಚ್ಚಲ ಕಲ್ಲಿನ ಪಾಚಿ ಇವತ್ತೇ ತಿಕ್ಕಿಸಿ, ಹಿಡಿದುಕೊಳ್ಳಲು ಗೋಡೆಗೊಂದು ಪೈಪ್ ಹಾಕಿಸಿ.

ನಾಳೆ ಹೊರಡುವಾಗ ಇದುವರೆಗಿನ ಎಲ್ಲ ಫಿಲಂಗಳನ್ನೂ, ಪಟ್ಟಿ ಹಾಕುವ ಮೊದಲಿನದನ್ನೂ ಸೇರಿಸಿ, ಮಡಚದೆ ತನ್ನಿ. ಸಿ.ಡಿ. ಕೊಡುತ್ತಾರೆಯೇ ಕೇಳಿ, ಅದಿದ್ದರೆ ಕಂಪ್ಯೂಟರಿನಲ್ಲೇ ಹಾಕಿ ಅಳೆಯಬಹುದು.